ಥ್ರೆಡ್‌ಗಳ ಬಗ್ ಟೆಸ್ಟಿಂಗ್‌ಗೆ ಯಾಕೆ ಸಿಗುವುದಿಲ್ಲ

ಒಂದು ಖಾತೆಯಲ್ಲಿ 1000 ರೂಪಾಯಿ ಇದೆ. ಒಂದು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಏಕಕಾಲಕ್ಕೆ ಓಡುವ ಕೆಲಸದ ಎಳೆ) ಅದಕ್ಕೆ 500 ಸೇರಿಸುತ್ತಿದೆ, ಅದೇ ಹೊತ್ತಿಗೆ ಇನ್ನೊಂದು 200 ಸೇರಿಸುತ್ತಿದೆ. ಕೋಡ್‌ನಲ್ಲಿ ಇದು ಒಂದೇ ಸಾಲು. ಪ್ರೊಸೆಸರ್‌ಗೆ ಸಾಮಾನ್ಯವಾಗಿ ಮೂರು ಕೆಲಸ: ಮೊತ್ತ ಓದುವುದು, ಕೂಡುವುದು, ಮತ್ತೆ ಬರೆಯುವುದು. ಎರಡೂ ಥ್ರೆಡ್‌ಗಳು 1000 ಎಂದೇ ಓದಿದವು ಎನ್ನಿ. ಮೊದಲನೆಯದು 1500 ಬರೆಯಿತು, ಅದರ ಮೇಲೆ ಎರಡನೆಯದು 1200 ಬರೆಯಿತು. 500 ರೂಪಾಯಿ ಮಾಯ. ಎರರ್ ಮೆಸೇಜ್ ಕೂಡ ಇಲ್ಲ.

ಯಾವ ಥ್ರೆಡ್ ಯಾವಾಗ ಓಡಬೇಕೆಂದು ತೀರ್ಮಾನಿಸುವುದು ಆಪರೇಟಿಂಗ್ ಸಿಸ್ಟಂ. ಹಾಗಾಗಿ ಅದೇ ಇನ್‌ಪುಟ್‌ಗೆ ಸಾವಿರ ಸಲ ಸರಿ ಉತ್ತರ ಬಂದು, ಮುಂದಿನ ಸಲ ತಪ್ಪು ಬರಬಹುದು. ಕಾರಣ ಹುಡುಕಲು ಪ್ರಿಂಟ್ ಹಾಕಿದರೆ ಟೈಮಿಂಗ್ ಬದಲಾಗಿ ಆ ಬಗ್ ಕಾಣಿಸದೆ ಹೋಗಬಹುದು. ಥ್ರೆಡ್‌ಗಳ ದೊಡ್ಡ ದೋಷ ಇದೇ: ಟೆಸ್ಟ್ ಪಾಸಾಯಿತೆಂದು ನೆಮ್ಮದಿಯಾಗಿರುವಂತಿಲ್ಲ.

ಲಾಕ್ ಹಾಕಬಹುದು, ಅಂದರೆ ಒಂದು ಥ್ರೆಡ್ ಡೇಟಾ ಬಳಸುವಾಗ ಉಳಿದವು ಕಾಯುವಂತೆ ಮಾಡಬಹುದು. ಆಗ ತೊಂದರೆಯ ರೂಪ ಬದಲಾಗುತ್ತದೆ. ರಾಮನ ಖಾತೆಯಿಂದ ಸೀತೆಗೆ ಹಣ ಕಳಿಸುವ ಥ್ರೆಡ್ ರಾಮನ ಲಾಕ್ ಹಿಡಿದು ಸೀತೆಯದಕ್ಕೆ ಕಾಯುತ್ತದೆ. ಅತ್ತಿಂದ ಇತ್ತ ಕಳಿಸುವ ಥ್ರೆಡ್ ಸೀತೆಯದನ್ನು ಹಿಡಿದು ರಾಮನದಕ್ಕೆ ಕಾಯುತ್ತದೆ. ಎರಡೂ ಕದಲುವುದಿಲ್ಲ: ಡೆಡ್‌ಲಾಕ್. ಯಾವಾಗಲೂ ಚಿಕ್ಕ ಖಾತೆ ಸಂಖ್ಯೆಯನ್ನೇ ಮೊದಲು ಲಾಕ್ ಮಾಡಿದರೆ ಇದು ತಪ್ಪುತ್ತದೆ. ಆದರೆ ಸಾಮಾನ್ಯವಾಗಿ ಯಾವ ಕಂಪೈಲರೂ ಈ ನಿಯಮ ಪಾಲನೆಯಾಗಿದೆಯೇ ಎಂದು ನೋಡುವುದಿಲ್ಲ. ತಂಡಕ್ಕೆ ಹೊಸದಾಗಿ ಬಂದವರು ಇನ್ನೊಂದು ಫೈಲಿನಲ್ಲಿ ಅದನ್ನು ಮುರಿದರೆ ತಿಳಿಯುವುದು ಸರ್ವರ್ ನಿಂತಾಗಲೇ.

1997ರ ಜುಲೈ 4ರಂದು ಮಂಗಳನ ಮೇಲಿಳಿದ ನಾಸಾದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೂಡ ಲಾಕ್‌ನಿಂದಾಗಿಯೇ ಕೆಲ ದಿನಗಳಲ್ಲೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹವಾಮಾನ ಮಾಹಿತಿಯ ಕಡಿಮೆ ಆದ್ಯತೆಯ ಟಾಸ್ಕ್ (ಥ್ರೆಡ್‌ನಂಥದ್ದೇ) ಒಂದು ಲಾಕ್ ಹಿಡಿದಿತ್ತು. ಅದೇ ಲಾಕ್‌ಗೆ ಹೆಚ್ಚಿನ ಆದ್ಯತೆಯ ಟಾಸ್ಕ್ ಕಾಯುತ್ತಿತ್ತು. ನಡುವಿನ ಆದ್ಯತೆಯ ಟಾಸ್ಕ್‌ಗಳು ಪ್ರೊಸೆಸರ್ ಬಿಟ್ಟುಕೊಡದ ಕಾರಣ ಲಾಕ್ ಬಿಡುಗಡೆಯಾಗಲೇ ಇಲ್ಲ. ಗಡುವು ಮೀರಿದ್ದರಿಂದ ಕಂಪ್ಯೂಟರ್ ರೀಸೆಟ್ ಆಯಿತು. ಉಡಾವಣೆಗೆ ಮುನ್ನವೂ ಇಂಥ ರೀಸೆಟ್ ಅಪರೂಪಕ್ಕೆ ಕಂಡಿತ್ತು, ಬೇಕೆಂದಾಗ ಮರುಕಳಿಸಿರಲಿಲ್ಲ. ಲಾಕ್ ಹಿಡಿದವರಿಗೆ ಕಾಯುವವರ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಸೌಲಭ್ಯವನ್ನು ಭೂಮಿಯಿಂದಲೇ ಆನ್ ಮಾಡಿ ಸರಿಪಡಿಸಲಾಯಿತು.

ಖರ್ಚೂ ಇದೆ. ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ನ ಸ್ಟ್ಯಾಕ್‌ಗೆ (ಅದರ ಫಂಕ್ಷನ್‌ಗಳ ತಾತ್ಕಾಲಿಕ ಮಾಹಿತಿ ಇಡುವ ಜಾಗಕ್ಕೆ) ಸಾಮಾನ್ಯವಾಗಿ 8 ಎಂಬಿ ಮೆಮೊರಿ ವಿಳಾಸಗಳ ಜಾಗ ಮೀಸಲಾಗುತ್ತದೆ. ಸಾವಿರಾರು ಸಂಪರ್ಕಗಳಿರುವ ಸರ್ವರ್‌ಗೆ ಸಂಪರ್ಕಕ್ಕೊಂದು ಥ್ರೆಡ್‌ಗಿಂತ ಈವೆಂಟ್ ಲೂಪ್ (ಒಂದೇ ಥ್ರೆಡ್ ಬಂದ ಕೆಲಸಗಳನ್ನು ಸರದಿಯಂತೆ ಮಾಡುವ ವಿಧಾನ) ಹಗುರ.

ಚಿತ್ರದ ತುಂಡುಗಳನ್ನು ಬೇರೆಬೇರೆಯಾಗಿ ಸಂಸ್ಕರಿಸುವಂಥ, ಡೇಟಾ ಹಂಚಿಕೊಳ್ಳದ ಕೆಲಸಕ್ಕೆ ಥ್ರೆಡ್ ಧಾರಾಳವಾಗಿ ಬಳಸಿ. ಹಂಚಿಕೊಳ್ಳಲೇಬೇಕಾದರೆ ಡೇಟಾವನ್ನು ಒಂದೇ ಥ್ರೆಡ್‌ನ ವಶಕ್ಕೆ ಕೊಟ್ಟು, ಉಳಿದವು ಕ್ಯೂ (ಸಂದೇಶಗಳ ಸರದಿ ಸಾಲು) ಮೂಲಕ ಅದಕ್ಕೆ ಸಂದೇಶ ಕಳಿಸುವಂತೆ ಮಾಡಿ.