ಸೈಟ್ ಇರೋರು ಮೀನು ಹಿಡಿಯೋಕೆ ಎಂಥ ಕೂಲಿಂಗ್ ಗ್ಲಾಸ್ ಮಾಡಿಸ್ಬೇಕು

ಕೆರೆ ಏರಿ ಮೇಲೆ ಗಾಳ ಹಾಕ್ಕೊಂಡು ಕೂತೋರಿಗೆಲ್ಲ ಗೊತ್ತಿರೋದೇ, ಬಿಸಿಲು ಏರ್ತಿದ್ದ ಹಾಗೆ ನೀರು ನೀರಾಗಿ ಕಾಣಲ್ಲ, ಬೆಳ್ಳಗೆ ಹೊಳೀತಿರತ್ತೆ, ಬೆಂಡು ಮುಳುಗ್ತೋ ಇಲ್ವೋ ಅಂತ ಕಣ್ಣು ಕಿರಿದು ಮಾಡ್ಕೊಂಡು ನೋಡ್ಬೇಕು. ಪೋಲರೈಸ್ಡ್ ಗ್ಲಾಸ್, ಅಂದ್ರೆ ನೀರಿನ ಹೊಳಪು ತಡೆಯೋ ಕೂಲಿಂಗ್ ಗ್ಲಾಸ್, ಹಾಕ್ಕೊಳ್ಳಿ ಅಂತ ಎಲ್ರೂ ಹೇಳ್ತಾರೆ, ಸರಿನೇ, ಆದ್ರೆ ನಮ್ಮಂಥ ಸೈಟ್ ಇರೋರು ಕನ್ನಡಕ ತೆಗೆದಿಟ್ಟು ಅದನ್ನ ಹಾಕ್ಕೊಂಡ್ರೆ ಹೊಳಪಿನ ಜೊತೆ ಬೆಂಡೂ ಮಾಯ. ಪವರ್ ಹಾಕ್ಸೇ ಮಾಡಿಸ್ಬೇಕು. ಅಂಗಡಿಗೆ ಹೋದ್ರೆ ‘ಡಾರ್ಕ್ ಬೇಕಾ, ಲೈಟ್ ಸಾಕಾ ಸಾರ್’ ಅನ್ನೋದ್ರಲ್ಲೇ ಮಾತು ಮುಗಿದೋಗತ್ತೆ, ನನ್ ಪ್ರಕಾರ ಅದು ಕೊನೇಗೆ ಕೇಳೋ ಪ್ರಶ್ನೆ. ಮೊದ್ಲು ವಿಚಾರಿಸ್ಬೇಕಾದ್ದು ಹೊಳಪು ತಡೆಯೋಕೆ ಲೆನ್ಸ್ ಒಳಗಿರೋ ಫಿಲ್ಮಿನ ದಿಕ್ಕು, ಯಾಕೆ ಅಂತ ಹೇಳ್ತೀನಿ.

ಬಿಸಿಲಿನ ಬೆಳಕಲ್ಲಿ ಅಲೆಗಳ ಕಂಪನ ಎಲ್ಲಾ ದಿಕ್ಕಲ್ಲೂ ಇರತ್ತೆ, ಅದು ಓರೆಯಾಗಿ ನೀರಿನ ಮೇಲೆ ಬಿದ್ದು ವಾಪಸ್ ಚಿಮ್ಮಿದಾಗ ಮಾತ್ರ ಅಡ್ಡಕ್ಕೆ ಕಂಪಿಸೋ ಪಾಲು ಜಾಸ್ತಿ ಆಗತ್ತೆ, ಮಿಕ್ಕಿದ್ದರಲ್ಲಿ ಬಹುಪಾಲು ನೀರೊಳಗೆ ಇಳಿದುಬಿಡತ್ತೆ. 1808ರಲ್ಲಿ ಪ್ಯಾರಿಸ್‌ನಲ್ಲಿ ಎಟಿಯೆನ್ ಲೂಯಿ ಮಾಲೂಸ್ ಅನ್ನೋನು ಲಕ್ಸೆಂಬರ್ಗ್ ಅರಮನೆ ಕಿಟಕಿ ಗಾಜಲ್ಲಿ ಹೊಳೀತಿದ್ದ ಸಂಜೆ ಸೂರ್ಯನ್ನ ಕ್ಯಾಲ್ಸೈಟ್ ಹರಳಿನ ಮೂಲಕ ನೋಡ್ತಾ ಇದನ್ನ ಕಂಡ್ಕೊಂಡ, 1815ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರ್ ಇದು ಯಾವ ಕೋನದಲ್ಲಿ ಪೂರ್ತಿಯಾಗತ್ತೆ ಅಂತ ಲೆಕ್ಕ ಕಟ್ಟಿದ. ನೀರಿನ ವಕ್ರೀಭವನ ಸೂಚ್ಯಂಕ, ಅಂದ್ರೆ ನೀರಿಗೆ ಇಳಿಯೋವಾಗ ಬೆಳಕು ಎಷ್ಟು ಬಾಗತ್ತೆ ಅನ್ನೋದರ ಅಳತೆ, 1.33, ಅದ್ರಿಂದ ಬರೋ ಕೋನ ನೆಟ್ಟಗಿನ ಗೆರೆಯಿಂದ ಸುಮಾರು 53 ಡಿಗ್ರಿ. ಆ ಕೋನದಲ್ಲಿ ಚಿಮ್ಮೋ ಬೆಳಕು ಪೂರ್ತಿ ಅಡ್ಡ ಕಂಪನದ್ದೇ.

ಗಾಳ ಹಾಕೋರಿಗೆ ಇದರಲ್ಲೊಂದು ಸುಲಭದ ಲೆಕ್ಕ ಸಿಗತ್ತೆ. ನಿಮ್ ಕಣ್ಣು ನೀರಿನ ಮಟ್ಟದಿಂದ 3 ಮೀಟರ್ ಎತ್ತರದಲ್ಲಿದ್ರೆ ಎದುರಿಗೆ 4 ಮೀಟರ್ ದೂರದ ನೀರಲ್ಲಿ ಗ್ಲಾಸ್ ತನ್ನ ಪೂರ್ತಿ ಕೆಲಸ ಮಾಡತ್ತೆ, ಅಂದ್ರೆ ಎತ್ತರದ 1.33 ಪಟ್ಟು ದೂರ, ಅದೇ ಸೂಚ್ಯಂಕದ ಸಂಖ್ಯೆ. ಅದಕ್ಕಿಂತ ಹತ್ರ ಬಂದ್ರೂ ದೂರ ಹೋದ್ರೂ ಕಮ್ಮಿಯಾಗ್ತಾ ಹೋಗತ್ತೆ. ನೀರಂಚಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲೋ 30 ಮೀಟರ್ ಆಚೆ ಇರೋ ಬೆಂಡು ನೋಡಿ ಈ ಗ್ಲಾಸ್ ದಂಡ ಅಂದ್ರೆ ತಪ್ಪು ಗ್ಲಾಸಿಂದಲ್ಲ, ಎದ್ದು ಏರಿ ಮೇಲೆ ಹತ್ತಿ ನೋಡಿ.

ಈ ಅಡ್ಡ ಬೆಳಕನ್ನ ತಡೆಯೋದು ಲೆನ್ಸ್ ಒಳಗಿರೋ ತೆಳ್ಳನೆ ಫಿಲ್ಮ್. ಇದರ ಚರಿತ್ರೆ ಶುರುವಾಗೋದು ನಾಯಿ ಮೂತ್ರದಿಂದ ಅಂದ್ರೆ ನಗ್ತೀರ, 1852ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಹೆರಾಪತ್ ಹೇಳಿದ್ದು, ಕ್ವಿನೈನ್ ತಿನ್ಸಿದ್ದ ನಾಯಿಯ ಮೂತ್ರಕ್ಕೆ ಅಯೋಡಿನ್ ಬಿದ್ದು ಹುಟ್ಟಿದ ಹರಳುಗಳು ಬೆಳಕನ್ನ ಹೀಗೆ ಸೋಸ್ತಿದ್ವು ಅಂತ. ಆ ಜಾತಿ ಹರಳನ್ನೇ ಹಾಳೆಯೊಳಗೆ ಸಾಲಾಗಿ ನಿಲ್ಸಿ 1929ರಲ್ಲಿ ಎಡ್ವಿನ್ ಲ್ಯಾಂಡ್ ಪೇಟೆಂಟ್‌ಗೆ ಅರ್ಜಿ ಹಾಕಿದ. ಈಗಿನದು ಜಗ್ಗಿ ಎಳೆದ ಪ್ಲಾಸ್ಟಿಕ್ ಫಿಲ್ಮ್, ಜಗ್ಗಿದ ದಿಕ್ಕಿಗೇ ಅಣುಗಳ ಸರಪಳಿ ಸಾಲಾಗಿ ಮಲಗಿರತ್ತೆ, ಅದಕ್ಕೆ ಅಯೋಡಿನ್ ಹತ್ಸಿರ್ತಾರೆ. ಕಿಟಕಿ ಕಂಬಿ ಸಂದಿಯಲ್ಲಿ ತೂರೋ ಹಗ್ಗದ ಹೋಲಿಕೆ ಕೊಡೋದು ರೂಢಿ, ಹಗ್ಗ ಕಂಬಿಯ ದಿಕ್ಕಲ್ಲೇ ಅಲ್ಲಾಡಿದ್ರೆ ಅಲೆ ದಾಟತ್ತೆ ಅಂತ, ಆದ್ರೆ ಇಲ್ಲಿ ನಡೆಯೋದು ಅದರ ಉಲ್ಟಾ, ಸರಪಳಿಯ ದಿಕ್ಕಲ್ಲೇ ಕಂಪಿಸೋ ಬೆಳಕನ್ನ ಅದು ನುಂಗತ್ತೆ. ಅದಕ್ಕೇ ಗ್ಲಾಸಲ್ಲಿ ಸರಪಳಿ ಅಡ್ಡಕ್ಕೆ ಇರ್ಬೇಕು.

ಸಿಲಿಂಡರ್ ಪವರ್, ಅಂದ್ರೆ ಒಂದು ದಿಕ್ಕಿಗೆ ಮಾತ್ರ ಬೇಕಾಗೋ ಪವರ್, ಇರೋರಿಗೆ ತಲೆನೋವು ಶುರುವಾಗೋದೇ ಇಲ್ಲಿ. ಮಾಮೂಲಿ ಲೆನ್ಸ್ ರೆಡಿ ಸ್ಟಾಕಲ್ಲಿದ್ರೆ ಅಂಗಡಿಯೋರು ಅದನ್ನ ತಿರುಗಿಸಿ ನಿಮ್ಮ ಆಕ್ಸಿಸ್‌ಗೆ, ಅಂದ್ರೆ ಚೀಟಿಯಲ್ಲಿರೋ 20 ಡಿಗ್ರಿನೋ 110 ಡಿಗ್ರಿನೋ ಅದಕ್ಕೆ, ಸರಿಮಾಡಿ ಕತ್ತರಿಸಿ ಫ್ರೇಮಿಗೆ ಕೂರಿಸ್ತಾರೆ, ಆದ್ರೆ ಪೋಲರೈಸ್ಡ್ ಲೆನ್ಸನ್ನ ಹಾಗೆ ತಿರುಗಿಸೋ ಹಾಗಿಲ್ಲ, ತಿರುಗಿಸಿದ್ರೆ ಫಿಲ್ಮೂ ತಿರುಗತ್ತೆ. ಲೆನ್ಸ್ ಬಿಲ್ಲೆ ಮೇಲೆ ಫಿಲ್ಮ್ ದಿಕ್ಕಿಗೆ ಗುರುತಿರತ್ತೆ, ಅದನ್ನ ಅಡ್ಡಕ್ಕೆ ಇಟ್ಕೊಂಡೇ ಹಿಂಭಾಗದಲ್ಲಿ ನಿಮ್ಮ ಸಿಲಿಂಡರನ್ನ ಲ್ಯಾಬಲ್ಲಿ ಉಜ್ಜಿ ತೆಗೀಬೇಕು. ಇದಕ್ಕೆ ಟೈಮೂ ಬೇಕು ದುಡ್ಡೂ ಬೇಕು, ‘ಇಲ್ಲೇ ಕೂತಿರಿ, ಅರ್ಧ ಗಂಟೆಲಿ ಕೊಡ್ತೀನಿ’ ಅಂದ್ರೆ ಒಂದು ಸಲ ಯೋಚ್ನೆ ಮಾಡಿ. ಎಷ್ಟು ವಾಲಿದ್ರೆ ಎಷ್ಟು ನಷ್ಟ ಅನ್ನೋದಕ್ಕೂ ಲೆಕ್ಕ ಇದೆ, 10 ಡಿಗ್ರಿ ವಾಲಿದ್ರೆ ಆ ಅಡ್ಡ ಹೊಳಪಲ್ಲಿ 3% ನುಸುಳತ್ತೆ, 30 ಡಿಗ್ರಿಗೆ ಕಾಲು ಭಾಗ, 45ಕ್ಕೆ ಅರ್ಧ. ಸ್ವಲ್ಪ ವಾಲಿದ್ರೆ ಪರ್ವಾಗಿಲ್ಲ, ಆದ್ರೆ ಎಡಗಣ್ಣಿಗೆ ಒಂಥರ ಬಲಗಣ್ಣಿಗೆ ಇನ್ನೊಂಥರ ಆದ್ರೆ ನೀರು ಒಂದು ಕಣ್ಣಿಗೆ ಹೊಳೀತಾ ಇನ್ನೊಂದಕ್ಕೆ ಮಂಕಾಗಿ ತಲೆ ಭಾರ ಆಗತ್ತೆ. ಡೆಲಿವರಿ ತಗೊಳ್ಳೋವಾಗ ಅಲ್ಲೇ ಪರೀಕ್ಷೆ ಮಾಡ್ಬಹುದು. ಅಂಗಡಿಯ ಎಲ್‌ಸಿಡಿ ಕಂಪ್ಯೂಟರ್ ಮುಂದೆ ಗ್ಲಾಸ್ ಹಿಡಿದು ನಿಧಾನಕ್ಕೆ ತಿರುಗಿಸಿ, ಎರಡೂ ಲೆನ್ಸ್ ಒಟ್ಟಿಗೇ ಕಪ್ಪಾಗ್ಬೇಕು. ಹೇಗೆ ತಿರುಗಿಸಿದ್ರೂ ಕಪ್ಪಾಗದೇ ಇದ್ರೆ ಅದು ಬರೀ ಬಣ್ಣದ ಗಾಜು.

ಲೆನ್ಸಿಗೆ ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಒಳ್ಳೇದು, ಬೀಸಿ ಎಳೆಯೋವಾಗ ಕೊಕ್ಕೆನೋ ಈಯದ ಗುಂಡೋ ಹಾರಿ ಬಂದು ಕಣ್ಣಿಗೆ ಬಡಿಯೋದು ತಮಾಷೆ ವಿಷ್ಯ ಅಲ್ಲ. ಪಾಲಿಕಾರ್ಬೊನೇಟ್ ಅಬ್ಬೆ ಸಂಖ್ಯೆ (ಇದು ಕಮ್ಮಿ ಇದ್ದಷ್ಟೂ ಲೆನ್ಸಲ್ಲಿ ಬಣ್ಣ ಜಾಸ್ತಿ ಒಡೆಯತ್ತೆ) ಸುಮಾರು 30, ಹಂಗಾಗಿ ಪವರ್ ಜಾಸ್ತಿ ಇದ್ರೆ ಅಂಚಲ್ಲಿ ಬಣ್ಣ ಒಡೆದು ಕಾಣತ್ತೆ, ಟ್ರೈವೆಕ್ಸ್ 43ರ ಆಸುಪಾಸು, ಸಿಕ್ರೆ ಅದನ್ನೇ ತಗೊಳ್ಳಿ. ಮುಖಕ್ಕೆ ಸುತ್ಕೊಳ್ಳೋ ಸ್ಟೈಲ್ ಫ್ರೇಮ್ ಪಕ್ಕದ ಬೆಳಕನ್ನ ಚೆನ್ನಾಗೇ ತಡೆಯತ್ತೆ, ಆದ್ರೆ ಮೈನಸ್ ಪವರ್ ಹೆಚ್ಚಿರೋರಿಗೆ ಅದ್ರಲ್ಲಿ ನೋಟ ವಾಲತ್ತೆ, ಸಾಧಾರಣ ಬಾಗಿನ ಫ್ರೇಮು, ಮೇಲೊಂದು ಅಗಲ ಟೋಪಿ ಸಾಕು. ಲೆನ್ಸ್ ಒಳಮೈಗೆ ಆ್ಯಂಟಿ ರಿಫ್ಲೆಕ್ಷನ್ ಕೋಟಿಂಗ್ ಬೇಕೇಬೇಕು, ಇಲ್ಲಾಂದ್ರೆ ಬೆನ್ನಿಗಿರೋ ಬಿಸಿಲು ಲೆನ್ಸಿಗೆ ಬಡಿದು ಕಣ್ಣಿಗೇ ಬರತ್ತೆ. ಹೊರಗಿನ ಕನ್ನಡಿ ಕೋಟಿಂಗ್ ಬಹುತೇಕ ಶೋಕಿ.

ಬಣ್ಣದ ವಿಷಯಕ್ಕೆ ಬಂದ್ರೆ ನಮ್ಮ ಕೆರೆಗಳ ಹಸಿರು ನೀರಿಗೆ ಕಂದು ಅಥವಾ ತಾಮ್ರದ ಬಣ್ಣ ನನಗಿಷ್ಟ, ನೀಲಿ ಬೆಳಕನ್ನ ಕಡಿಮೆ ಮಾಡಿ ಬೆಂಡೂ ಪಾಚಿಯೂ ಬೇರೆಬೇರೆ ಕಾಣೋ ಹಾಗೆ ಮಾಡತ್ತೆ. ಸಮುದ್ರದ ಕಡೆ ದೋಣಿಲಿ ಹೋಗೋರಿಗೆ ಬೂದು ಬಣ್ಣ. ಮಳೆ ಬಂದು ಕೆಮ್ಮಣ್ಣು ಕಲಸಿದ ನೀರಲ್ಲಿ ಯಾವ ಗ್ಲಾಸ್ ಹಾಕಿದ್ರೂ ಒಳಗಿರೋ ಮೀನು ಕಾಣಲ್ಲ. ಕಪ್ಪಿನ ಅಳತೆಗೆ ಕೆಟಗರಿ ನಂಬರ್ ಇರತ್ತೆ, 3 ಅಂದ್ರೆ 8ರಿಂದ 18% ಬೆಳಕು ಒಳಗೆ ಬಿಡೋದು, ಬಿಸಿಲಿಗೆ ಅದು ಸರಿ. 4 ಹಾಕ್ಕೊಂಡು ಗಾಡಿ ಓಡಿಸೋ ಹಾಗಿಲ್ಲ. ಯಾವುದೇ ಇರ್ಲಿ, 400 ನ್ಯಾನೋಮೀಟರ್ ತನಕ ಯುವಿ ತಡೆ ಇದ್ಯಾ ಅಂತ ಕೇಳಿ.

ಚಾಳೀಸು ಬಂದೋರಿಗೆ ಕೊಕ್ಕೆಗೆ ದಾರ ಕಟ್ಟೋಕೆ ಬೈಫೋಕಲ್ ಬೇಕಾಗತ್ತೆ, ಪೋಲರೈಸ್ಡ್‌ನಲ್ಲೂ ಸಿಗತ್ತೆ, ಆದ್ರೆ ಓದೋ ಭಾಗ ಚಿಕ್ಕದಾಗಿ ಕೆಳಗಿರ್ಲಿ. ದೊಡ್ಡದಾದ್ರೆ ಪಾಚಿ ಹಿಡಿದ ಬಂಡೆ ಮೇಲೆ ಇಳಿಯೋವಾಗ ಕಾಲು ಎಲ್ಲಿಡ್ತಿದೀನಿ ಅಂತ ಗೊತ್ತಾಗಲ್ಲ.

ಬೀಸುಬಲೆ ಹಾಕೋರಿಗೆ ಒಂದ್ಮಾತು, ಗ್ಲಾಸ್ ಹೊಳಪನ್ನ ತೆಗೆಯತ್ತೆ, ವಕ್ರೀಭವನವನ್ನಲ್ಲ. ನೇರ ಮೇಲಿಂದ ನೋಡಿದ್ರೂ 1 ಮೀಟರ್ ಆಳದ ಮೀನು 75 ಸೆಂಟಿಮೀಟರ್‌ನಲ್ಲಿ ಇರೋ ಹಾಗೆ ಕಾಣತ್ತೆ, ದಡದಿಂದ ಓರೆಯಾಗಿ ನೋಡಿದ್ರೆ ಇನ್ನೂ ಮೇಲೆ.