ಡಿಸ್ಕ್ ಬೆಂಡ್ ಆಗಿದೆ ಅನ್ನೋ ಮೊದಲು ಹಬ್ ನೋಡಿ

ಹೈವೇಲಿ ಕಾರ್ ಸ್ಪೀಡಾಗಿ ಹೋಗ್ತಿರುವಾಗ ಬ್ರೇಕ್ ಒತ್ತಿದ್ರೆ ಸ್ಟೀರಿಂಗ್ ಗಡಗಡ ಅಂತ ಅಲ್ಲಾಡೋದು, ಪೆಡಲ್ ಒಳಗಿಂದ ಯಾರೋ ಕಾಲಿಗೆ ಕುಟ್ಟಿದ ಹಾಗಾಗೋದು ಕಾರ್ ಇಟ್ಕೊಂಡಿರೋ ತುಂಬಾ ಜನಕ್ಕೆ ಗೊತ್ತಿರೋ ಅನುಭವ. ಗ್ಯಾರೇಜಿಗೆ ತಗೊಂಡು ಹೋದ್ರೆ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ ಮಾತು, "ಡಿಸ್ಕ್ ಬೆಂಡ್ ಆಗಿದೆ ಸಾರ್, ಚೇಂಜ್ ಮಾಡ್ಬೇಕು". ಸರಿ ಅಂತ ಹೊಸ ಡಿಸ್ಕ್ (ಚಕ್ರದ ಜೊತೆ ತಿರುಗೋ ಬ್ರೇಕಿನ ತಟ್ಟೆ), ಹೊಸ ಪ್ಯಾಡ್ (ಅದನ್ನ ಎರಡೂ ಕಡೆಯಿಂದ ಒತ್ತಿ ಹಿಡಿಯೋ ತುಂಡು) ಹಾಕಿಸ್ತೀವಿ, ಗಾಡಿ ಬೆಣ್ಣೆ ಹಾಗೆ ನಿಲ್ಲತ್ತೆ, ಆಮೇಲೆ ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಅದೇ ಗಡಗಡ ಮತ್ತೆ ಶುರು. ಆಗ ಪಾರ್ಟ್ಸ್ ಡೂಪ್ಲಿಕೇಟ್ ಅಂತ ಅಂಗಡಿಯವನನ್ನ ಬೈತೀವಿ. ಆದ್ರೆ ಬಹಳಷ್ಟು ಸಲ ತಪ್ಪು ಡಿಸ್ಕಿಂದಲ್ಲ, ಅದನ್ನ ಕೂರಿಸಿದ ಜಾಗದ್ದು, ಅಂದ್ರೆ ಚಕ್ರದ ನಡುವಿನ ಹಬ್ಬಿನದು. ಇದನ್ನ ಸರಿಯಾಗಿ ತಿಳ್ಕೊಂಡ್ರೆ ದುಡ್ಡೂ ಉಳಿಯತ್ತೆ, ಜೀವಕ್ಕೂ ಒಳ್ಳೇದು, ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೀತಾ ಇದೀನಿ.

ಮೊದಲು ಬ್ರೇಕ್ ಏನ್ ಕೆಲಸ ಮಾಡತ್ತೆ ನೋಡೋಣ. ಗಾಡಿಯ ಓಟವನ್ನ ಬಿಸಿಯಾಗಿ ಬದಲಾಯಿಸೋದು, ಅಷ್ಟೇ ಅದರ ಕೆಲಸ. 1200 ಕೆಜಿ ಕಾರ್ ಗಂಟೆಗೆ 100 ಕಿಮೀ ಸ್ಪೀಡಲ್ಲಿ ಇದ್ರೆ ಅದರಲ್ಲಿರೋ ಚಲನಶಕ್ತಿ ಸುಮಾರು 4.6 ಲಕ್ಷ ಜೂಲ್. 50 ಕಿಮೀ ಸ್ಪೀಡಲ್ಲಿ ಅದು ಅರ್ಧ ಅಲ್ಲ, ಕಾಲು ಭಾಗ, ಸುಮಾರು 1.15 ಲಕ್ಷ, ಯಾಕಂದ್ರೆ ಶಕ್ತಿ ಏರೋದು ವೇಗದ ವರ್ಗಕ್ಕೆ ತಕ್ಕ ಹಾಗೆ. ಗಾಡಿ ನಿಲ್ಲೋ ಹೊತ್ತಿಗೆ ಈ ಶಕ್ತಿ ಪೂರ್ತಿ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ, ಅದರ ಬಹುಪಾಲು ಹೋಗೋದು ಡಿಸ್ಕಿನ ಕಬ್ಬಿಣದೊಳಗೆ. ಬ್ರೇಕ್ ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ವಾಲೋದ್ರಿಂದ ಸುಮಾರು 70 ಪರ್ಸೆಂಟ್ ಕೆಲಸ ಮುಂದಿನ ಎರಡು ಚಕ್ರದ್ದೇ (ನಮ್ಮಲ್ಲಿ ಎಷ್ಟೋ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರೋದು ಈ ಕಾರಣಕ್ಕೆ). ಮುಂದಿನ ಡಿಸ್ಕ್ ಒಂದೊಂದು 5 ಕೆಜಿ ಇದೆ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ, 100ರಿಂದ ಒಂದು ಸಲ ಪೂರ್ತಿ ನಿಲ್ಲಿಸಿದ್ದಕ್ಕೇ ಡಿಸ್ಕಿನ ಬಿಸಿ 70 ಡಿಗ್ರಿ ಏರತ್ತೆ.

ಈಗ ಆಗುಂಬೆ ಘಾಟಿ ಇಳೀರಿ. ಹದಿನಾಲ್ಕು ಹೇರ್‌ಪಿನ್ ತಿರುವು, ಇಳಿಯೋದು 500 ಮೀಟರ್ ಅಂತ ಹಿಡಿದ್ರೂ ಅದೇ ಕಾರು ಕಳ್ಕೊಬೇಕಾದ ಶಕ್ತಿ ಸುಮಾರು 59 ಲಕ್ಷ ಜೂಲ್, ಅಂದ್ರೆ 100 ಕಿಮೀ ಸ್ಪೀಡಿಂದ ಹನ್ನೆರಡು ಹದಿಮೂರು ಸಲ ಗಾಡಿ ನಿಲ್ಲಿಸಿದಷ್ಟು. ಇಲ್ಲಿ ಕೆಲವರು ಪೆಟ್ರೋಲ್ ಉಳಿಯತ್ತೆ ಅಂತ ನ್ಯೂಟ್ರಲ್ ಮಾಡಿ ಇಳೀತಾರೆ, ದಯವಿಟ್ಟು ಮಾಡಬೇಡಿ. ಈಗಿನ ಫ್ಯೂಯಲ್ ಇಂಜೆಕ್ಷನ್ ಗಾಡಿಗಳಲ್ಲಿ ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ರೆ ಇಂಜಿನ್ನಿಗೆ ಹೋಗೋ ಪೆಟ್ರೋಲೇ ಕಟ್ ಆಗತ್ತೆ, ನ್ಯೂಟ್ರಲ್ಲಲ್ಲಿ ಮಾತ್ರ ಐಡ್ಲಿಂಗಿಗೆ ಅಂತ ಕುಡೀತಾನೇ ಇರತ್ತೆ. ಹಾಗಾಗಿ ಪೆಟ್ರೋಲೂ ಉಳಿಯಲ್ಲ, ಇಂಜಿನ್ ಹೊರಬೇಕಾದ ಭಾರವೂ ಬ್ರೇಕ್ ತಲೆ ಮೇಲೆ ಬೀಳತ್ತೆ. ಸೆಕೆಂಡ್ ಗೇರ್ ಹಾಕಿ ಇಳೀರಿ.

ಇಷ್ಟು ಬಿಸಿ ತಡ್ಕೊಳ್ಳೋಕೆ ಡಿಸ್ಕನ್ನ ಮಾಡೋದು ಬೂದು ಎರಕದ ಕಬ್ಬಿಣದಲ್ಲಿ. ಅದರಲ್ಲಿ ನೂರಕ್ಕೆ ಮೂರೂವರೆ ಪಾಲಿನ ಆಸುಪಾಸು ಕಾರ್ಬನ್ ಇರತ್ತೆ, ಅದು ಸಣ್ಣ ಸಣ್ಣ ಗ್ರಾಫೈಟ್ ಪದರಗಳಾಗಿ ಲೋಹದ ಒಳಗೆ ಹರಡ್ಕೊಂಡು ಬಿಸಿಯನ್ನ ಬೇಗ ಸಾಗಿಸತ್ತೆ, ಕಂಪನವನ್ನೂ ನುಂಗತ್ತೆ. ಮುಂದಿನ ಡಿಸ್ಕನ್ನ ಅಂಚಿಂದ ನೋಡಿದ್ರೆ ಎರಡು ತಟ್ಟೆ ಮಧ್ಯೆ ಸಂದುಗಳು ಕಾಣ್ಸತ್ತೆ, ಚಕ್ರ ತಿರುಗಿದಾಗ ಆ ಸಂದುಗಳು ಒಳಗಿಂದ ಗಾಳಿ ಎಳ್ಕೊಂಡು ಹೊರಗೆ ಎಸೀತವೆ, ಹಾಗೇ ಡಿಸ್ಕ್ ತಣ್ಣಗಾಗತ್ತೆ.

ಪ್ಯಾಡಿನ ಕಥೆ ಬೇರೆ. ಡಿಸ್ಕ್ ಬ್ರೇಕಿಗೆ 1902ರಲ್ಲೇ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಪೇಟೆಂಟ್ ತಗೊಂಡಿದ್ದ, ಆದ್ರೆ ತಾಮ್ರದ ಪ್ಯಾಡ್ ಹಾಕಿದ್ದಕ್ಕೆ ಕಿವಿ ಹರಿಯೋ ಕಿರುಚಾಟ, ಬೇಗ ಸವೆತ ಬೇರೆ. ಐಡಿಯಾ ಸರಿಯಾಗಿತ್ತು, ಉಜ್ಜೋಕೆ ತಕ್ಕ ವಸ್ತು ಇರಲಿಲ್ಲ. 1953ರಲ್ಲಿ ಜಾಗ್ವಾರ್ ಕಾರು ಡಿಸ್ಕ್ ಬ್ರೇಕ್ ಹಾಕ್ಕೊಂಡು ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸ್ ಗೆದ್ದ ಮೇಲೆ ಎಲ್ಲರ ಕಣ್ಣೂ ಇದರ ಮೇಲೆ ಬಿತ್ತು. ಈಗಿನ ಪ್ಯಾಡಲ್ಲಿ ನಾರು, ಲೋಹದ ಪುಡಿ, ಗ್ರಾಫೈಟ್ ಎಲ್ಲವನ್ನೂ ಫೀನಾಲಿಕ್ ರೆಸಿನ್ ಅನ್ನೋ ಅಂಟಲ್ಲಿ ಒತ್ತಿ ಬೇಯಿಸಿರ್ತಾರೆ. ಮಿತಿ ಮೀರಿ ಬಿಸಿಯಾದ್ರೆ ಆ ಅಂಟು ಒಡೆದು ಗ್ಯಾಸ್ ಬಿಡತ್ತೆ, ಹಿಡಿತ ಕಮ್ಮಿ ಆಗತ್ತೆ. ಪೆಡಲ್ ಗಟ್ಟಿಯಾಗೇ ಇರತ್ತೆ ಆದ್ರೆ ಗಾಡಿ ನಿಲ್ಲಲ್ಲ. ಪೆಡಲ್ ಮೆತ್ತಗಾಗಿ ತಳಕ್ಕೆ ಹೋದ್ರೆ ಅದು ಬೇರೆ ಕಾಯಿಲೆ, ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿರತ್ತೆ. ಡಾಟ್ 4 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ಸ್ಟ್ಯಾಂಡರ್ಡ್ ಇದೆ, ಗಾಳಿಯ ತೇವ ಹೀರ್ಕೊಂಡು 3.7 ಪರ್ಸೆಂಟ್ ನೀರು ಸೇರಿದ್ರೆ ಆ ಮಿತಿ 155ಕ್ಕೆ ಇಳಿಯತ್ತೆ. ಕರಾವಳಿ, ಮಲೆನಾಡಿನ ಮಳೆಗಾಲ ಕಂಡ ಗಾಡಿಗಳಲ್ಲಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸೋದನ್ನ ತಪ್ಪಿಸಲೇಬಾರದು ಅಂತ ನನ್ನ ಅಭಿಪ್ರಾಯ.

ಸರಿ, ಗಡಗಡಕ್ಕೆ ಬರೋಣ. ಬಿಚ್ಚಿದ ಡಿಸ್ಕನ್ನ ಮೈಕ್ರೋಮೀಟರಲ್ಲಿ ಸುತ್ತಲೂ ಅಳೆದ್ರೆ ಸಾಮಾನ್ಯವಾಗಿ ಸಿಗೋದು ಬಾಗಿದ ತಟ್ಟೆ ಅಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು ಇರೋ ತಟ್ಟೆ. ವ್ಯತ್ಯಾಸ ಎಷ್ಟು ಅಂದ್ರೆ 0.015, 0.02 ಮಿಲಿಮೀಟರ್. ಇಷ್ಟೇ ಸಾಕು. ದಪ್ಪ ಜಾಗ ಬಂದಾಗ ಅದು ಪ್ಯಾಡನ್ನ ಹಿಂದಕ್ಕೆ ತಳ್ಳತ್ತೆ, ಪ್ಯಾಡ್ ತನ್ನ ಹಿಂದಿರೋ ಪಿಸ್ಟನ್ನನ್ನ (ಆಯಿಲ್ ಒತ್ತಡದಿಂದ ಪ್ಯಾಡನ್ನ ಒತ್ತೋ ಲೋಹದ ಭಾಗ) ತಳ್ಳತ್ತೆ, ಪಿಸ್ಟನ್ ಆಯಿಲನ್ನ ತಳ್ಳತ್ತೆ, ಅದು ನಿಮ್ಮ ಕಾಲಿಗೆ ಬಂದು ಬಡಿಯತ್ತೆ, ಚಕ್ರ ಒಂದು ಸುತ್ತು ತಿರುಗಿದಾಗೆಲ್ಲ ಹೀಗೇ.

ಈ ದಪ್ಪ ತೆಳು ಬರೋದು ಎರಡು ದಾರಿಯಲ್ಲಿ. ಒಂದು, ಪ್ಯಾಡಿನ ವಸ್ತು ಡಿಸ್ಕಿಗೆ ಅಲ್ಲಲ್ಲಿ ಅಂಟ್ಕೊಳ್ಳೋದು. ಘಾಟಿ ಇಳಿದು ಬ್ರೇಕ್ ಕೆಂಡದ ಹಾಗಿರೋವಾಗ ಕೆಳಗೆ ಚೆಕ್‌ಪೋಸ್ಟಲ್ಲೋ ಟೀ ಅಂಗಡಿ ಮುಂದೋ ಪೆಡಲ್ ಒತ್ತಿ ಹಿಡ್ಕೊಂಡೇ ನಿಂತ್ರೆ ಪ್ಯಾಡ್ ಇದ್ದ ಜಾಗದಲ್ಲಿ ಅದರ ಅಚ್ಚು ಡಿಸ್ಕ್ ಮೇಲೆ ಕೂರತ್ತೆ. ಆ ಜಾಗ ಮುಂದಿನ ಸಲ ಜಾಸ್ತಿ ಉಜ್ಜಿ ಜಾಸ್ತಿ ಬಿಸಿಯಾಗತ್ತೆ, ಬಿಸಿ ತೀರಾ ಏರಿದ್ರೆ ಕಬ್ಬಿಣದ ಆ ಭಾಗವೇ ಸಿಮೆಂಟೈಟ್ ಅನ್ನೋ ಗಟ್ಟಿ ರೂಪಕ್ಕೆ ತಿರುಗತ್ತೆ, ಆಮೇಲೆ ಅದು ಸುತ್ತಲಿನ ಲೋಹದಷ್ಟು ಸವೆಯೋದೇ ಇಲ್ಲ. ಅದಕ್ಕೆ ಘಾಟಿ ಇಳಿದ ಮೇಲೆ ಸ್ವಲ್ಪ ದೂರ ಬ್ರೇಕ್ ಮುಟ್ಟದೆ ನಿಧಾನಕ್ಕೆ ಓಡಿಸಿ, ನಿಂತಾಗ ಪೆಡಲ್ ಬಿಟ್ಟು ಗೇರಲ್ಲಿ ನಿಲ್ಲಿಸಿ. ಬಿಸಿ ಡಿಸ್ಕಿಗೆ ಪೈಪ್ ಹಿಡಿದು ನೀರು ಹೊಡೆಯೋದಂತೂ ಬೇಡವೇ ಬೇಡ.

ಎರಡನೇ ದಾರಿ ಹಬ್ಬಿನದು, ನಾನು ಒತ್ತಿ ಹೇಳ್ಬೇಕು ಅಂದ್ಕೊಂಡಿದ್ದು ಇದನ್ನೇ. ಹಳೇ ಡಿಸ್ಕನ್ನ ಸುತ್ತಿಗೆಯಲ್ಲಿ ಬಡಿದು ಬಿಡಿಸಿದಾಗ ಹಬ್ಬಿನ ಮುಖ ನೋಡಿ, ಬೋಲ್ಟ್ ತೂತುಗಳ ಸುತ್ತ, ಅಂಚಲ್ಲಿ ಕಂದು ಬಣ್ಣದ ತುಕ್ಕು ಪೊರೆ ಪೊರೆಯಾಗಿ ಕೂತಿರತ್ತೆ, ಉಗುರಲ್ಲಿ ಕೆರೆದ್ರೆ ಚಕ್ಕೆ ಏಳತ್ತೆ. ಅದರ ಮೇಲೇ ಹೊಸ ಡಿಸ್ಕ್ ಇಟ್ಟು ನಟ್ ಟೈಟ್ ಮಾಡಿದ್ರೆ ಡಿಸ್ಕ್ ಒಂಚೂರು ವಾರೆಯಾಗಿ ಕೂರತ್ತೆ. ಹಬ್ಬಿನ ಅಂಚಲ್ಲಿ 0.05 ಮಿಲಿಮೀಟರ್ ಚಕ್ಕೆ ಇದ್ರೆ, ಡಿಸ್ಕ್ ಹಬ್ಬಿಗಿಂತ ಅಗಲ ಇರೋದ್ರಿಂದ ಅದರ ಹೊರ ಅಂಚಲ್ಲಿ ಓಲಾಟ ಅದಕ್ಕಿಂತ ಜಾಸ್ತಿ, ಹೆಚ್ಚುಕಮ್ಮಿ ದುಪ್ಪಟ್ಟು. ಬಹಳಷ್ಟು ಕಾರುಗಳಿಗೆ ಕಂಪನಿ ಕೊಡೋ ಮಿತಿಯೇ 0.05ರ ಆಸುಪಾಸು. ಮೊದಲಿಗೆ ನಿಮಗೇನೂ ಗೊತ್ತಾಗಲ್ಲ, ಯಾಕಂದ್ರೆ ಡಿಸ್ಕಿನ ದಪ್ಪ ಎಲ್ಲಾ ಕಡೆ ಒಂದೇ ಇದೆ, ಪ್ಯಾಡ್, ಪಿಸ್ಟನ್ ಹಿಡ್ಕೊಂಡಿರೋ ಕ್ಯಾಲಿಪರ್ ಅದರ ಜೊತೆಗೇ ಓಲಾಡತ್ತೆ. ಆದ್ರೆ ಬ್ರೇಕ್ ಒತ್ತದೇ ಓಡಿಸುವಾಗಲೂ ವಾರೆಯಾದ ಭಾಗ ಪ್ರತಿ ಸುತ್ತಲ್ಲೂ ಪ್ಯಾಡಿಗೆ ಸವರ್ಕೊಂಡು ಹೋಗತ್ತೆ, ಸಾವಿರಾರು ಕಿಲೋಮೀಟರ್ ಹೀಗೆ ಸವರಿ ಸವರಿ ಆ ಭಾಗ ತೆಳುವಾಗತ್ತೆ. ಗಡಗಡ ಇಷ್ಟು ತಡವಾಗಿ ಬರೋದು ಅದಕ್ಕೆ, ಯಾರೂ ಹಬ್ಬನ್ನ ಅನುಮಾನಿಸದೇ ಇರೋದೂ ಅದಕ್ಕೇ.

ಹಾಗಾಗಿ ಡಿಸ್ಕ್ ಬದಲಿಸುವಾಗ ಪಕ್ಕದಲ್ಲೇ ನಿಂತ್ಕೊಳ್ಳಿ. ವೈರ್ ಬ್ರಶ್, ಎಮರಿ ಪೇಪರ್ ಹಾಕಿ ಹಬ್ಬಿನ ಮುಖವನ್ನ ಹೊಳೆಯೋವರೆಗೂ ಉಜ್ಜಿಸಿ, ಐದೇ ನಿಮಿಷದ ಕೆಲಸ. ಡಯಲ್ ಗೇಜ್ ಇದ್ರೆ ಡಿಸ್ಕ್ ಕೂರಿಸಿ ನಟ್ ಬಿಗಿದು ಓಲಾಟ ಅಳೆಸಿ, ಜಾಸ್ತಿ ಬಂದ್ರೆ ಡಿಸ್ಕನ್ನ ಒಂದು ತೂತು ತಿರುಗಿಸಿ ಹಾಕಿದ್ರೂ ಎಷ್ಟೋ ಸಲ ಸರಿಹೋಗತ್ತೆ. ಹಳೇ ಡಿಸ್ಕನ್ನೇ ಲೇತಲ್ಲಿ ಸ್ಕಿಮ್ಮಿಂಗ್ (ಮೇಲ್ಮೈ ತೆಳ್ಳಗೆ ಹೆರೆದು ಸಮ ಮಾಡೋದು) ಮಾಡಿಸೋದಾದ್ರೆ ಅದರ ಮೇಲೇ ಕೆತ್ತಿರೋ ಕನಿಷ್ಠ ದಪ್ಪ ನೋಡಿ, ಅದಕ್ಕಿಂತ ತೆಳುವಾದ್ರೆ ಬಿಸಿ ಹಿಡಿಯೋ ಕಬ್ಬಿಣವೇ ಇರಲ್ಲ. ಪ್ಯಾಡ್ ಹೊಸದಿದ್ದಾಗ 10 ಮಿಲಿಮೀಟರ್ ಆಜೂಬಾಜು ಇರತ್ತೆ, 3ಕ್ಕೆ ಬಂತು ಅಂದ್ರೆ ಬದಲಿಸಿ, ಎರಡೂ ಚಕ್ರದ್ದು ಒಟ್ಟಿಗೇ. ಬಿಚ್ಚಿದ ಕ್ಯಾಲಿಪರನ್ನ ಆಯಿಲ್ ಬರೋ ಹೋಸ್ ಪೈಪಲ್ಲಿ ಜೋತಾಡೋಕೆ ಬಿಡಬಾರದು, ತಂತಿಯಲ್ಲಿ ಕಟ್ಟಿ ನೇತುಹಾಕ್ಬೇಕು. ಮನೇಲೇ ಮಾಡೋರು ಬರೀ ಜಾಕಿ ನಂಬ್ಕೊಂಡು ಗಾಡಿ ಕೆಳಗೆ ಕೈ ಹಾಕಬೇಡಿ, ಸ್ಟ್ಯಾಂಡ್ ಕೊಡಿ.

ಪಿಸ್ಟನ್ನಿನ ಸುತ್ತ ಉಂಗುರದ ಹಾಗಿರೋ, ಅಡ್ಡಕ್ಕೆ ಕೊಯ್ದ್ರೆ ಚೌಕವಾಗಿ ಕಾಣೋ ಒಂದು ರಬ್ಬರ್ ಸೀಲ್ ಇದೆ, ನನಗೆ ಇಡೀ ಬ್ರೇಕಲ್ಲಿ ತುಂಬಾ ಇಷ್ಟ ಆಗೋ ಭಾಗ ಅದು. ಪೆಡಲ್ ಒತ್ತಿದಾಗ ಪಿಸ್ಟನ್ ಜೊತೆ ಸೀಲ್ ಸ್ವಲ್ಪ ತಿರುಚಿಕೊಳ್ಳತ್ತೆ, ಬಿಟ್ಟಾಗ ಮೊದಲಿನ ಆಕಾರಕ್ಕೆ ಬರ್ತಾ ಪಿಸ್ಟನ್ನನ್ನ ಕೂದಲೆಳೆಯಷ್ಟು ಹಿಂದಕ್ಕೆ ಎಳೀತದೆ. ಸ್ಪ್ರಿಂಗ್ ಇಲ್ಲ, ಅಡ್ಜಸ್ಟ್ ಮಾಡೋಕೆ ಸ್ಕ್ರೂ ಇಲ್ಲ, ಪ್ಯಾಡ್ ಸವೆದ ಹಾಗೆ ಪಿಸ್ಟನ್ ಅಷ್ಟಷ್ಟೇ ಮುಂದೆ ಜಾರಿ ಹೊಸ ಜಾಗ ಹಿಡಿಯತ್ತೆ. ಹೊಸ ದಪ್ಪ ಪ್ಯಾಡ್ ಹಾಕೋಕೆ ಇದನ್ನ ಹಿಂದಕ್ಕೆ ತಳ್ಳಿರ್ತೀವಲ್ಲ, ಅದಕ್ಕೆ ಕೆಲಸ ಮುಗಿದ ತಕ್ಷಣ ಗಾಡಿ ಓಡಿಸೋ ಮೊದಲು ಪೆಡಲನ್ನ ಗಟ್ಟಿಯಾಗೋವರೆಗೂ ಪಂಪ್ ಮಾಡ್ಲೇಬೇಕು. ಇಲ್ಲ ಅಂದ್ರೆ ಮೊದಲ ಒತ್ತಿಗೆ ಬ್ರೇಕೇ ಸಿಗಲ್ಲ, ಗಾಡಿ ನೇರ ಎದುರಿನ ಗೋಡೆಗೆ.

ಕೊನೇದು ಬೆಡ್ಡಿಂಗ್, ಇದನ್ನ ಬಹಳ ಕಡೆ ಮಾಡೋದೇ ಇಲ್ಲ. ಹೊಸ ದೋಸೆ ಹೆಂಚನ್ನ ಎಣ್ಣೆ ಸವರಿ ಪಳಗಿಸ್ತೀವಲ್ಲ, ಇದೂ ಹಾಗೇ, ಪ್ಯಾಡಿನ ವಸ್ತು ಡಿಸ್ಕ್ ಮೇಲೆ ಎಲ್ಲಾ ಕಡೆ ಒಂದೇ ಸಮ ತೆಳುವಾಗಿ ಕೂರಬೇಕು. ಹೊಸ ಡಿಸ್ಕಿಗೆ ತುಕ್ಕು ಹಿಡೀದೆ ಇರಲಿ ಅಂತ ಹಚ್ಚಿರೋ ಎಣ್ಣೆಯನ್ನ ಬ್ರೇಕ್ ಕ್ಲೀನರಲ್ಲಿ ಪೂರ್ತಿ ಒರೆಸಿರಬೇಕು. ಆಮೇಲೆ ಖಾಲಿ ರಸ್ತೆಯಲ್ಲಿ 60ರಿಂದ 20ರವರೆಗೆ ಹದವಾಗಿ ಬ್ರೇಕ್ ಒತ್ತಿ ಸ್ಪೀಡ್ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ 60ಕ್ಕೆ ಏರಿಸಿ, ಹೀಗೆ ಎಂಟು ಹತ್ತು ಸಲ, ಮಧ್ಯೆ ಮಧ್ಯೆ ಗಾಳಿ ಆಡೋಕೆ ಬಿಟ್ಟು. ಕೊನೆಗೆ ಬ್ರೇಕ್ ಮುಟ್ಟದೆ ಒಂದಷ್ಟು ದೂರ ಸುಮ್ನೆ ಓಡಿಸಿ. ಪ್ಯಾಡ್ ಡಬ್ಬದ ಒಳಗೆ ಕಂಪನಿ ಬೇರೆ ಕ್ರಮ ಕೊಟ್ಟಿದ್ರೆ ಅದನ್ನೇ ಮಾಡಿ. ಸರಿಯಾಗಿ ಬೆಡ್ ಆದ ಡಿಸ್ಕ್ ಮೇಲೆ ಸುತ್ತಲೂ ಒಂದೇ ಥರದ ಮಾಸಲು ಬೂದು ಬಣ್ಣ ಕಾಣತ್ತೆ, ಅಲ್ಲಲ್ಲಿ ನೀಲಿ ಕಲೆ ಬಿದ್ದಿದ್ರೆ ಆ ಜಾಗ ಅತಿಯಾಗಿ ಬಿಸಿಯಾಗಿದೆ ಅಂತ ಲೆಕ್ಕ.