ಪಹಣಿ ಇದೆ, ಗದ್ದೆ ಎಲ್ಲಿ?

2024ರ ಚೌತಿ ಮುಗಿದ ಮೇಲಿನ ಒಂದು ಭಾನುವಾರ. ಮಳೆ ಬಿಡದೆ ಹೊಯ್ಯುತ್ತಿತ್ತು. ಕಾರವಾರದ ಕೋಡಿಬಾಗ ಕಡೆಯ ಹುಡುಗನೊಬ್ಬ ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಘಟ್ಟ ಹತ್ತಿ ಶಿರಸಿಗೆ ಬಂದ. ಜೊತೆಗೆ ಅವನ ತಂದೆ. ಹುಡುಗ ನನ್ನ ಬಳಿ ಫೋಟೋಗ್ರಫಿ ಕಲಿಯಲು ಸೇರಿ ಆಗಿನ್ನೂ ಎರಡು ತಿಂಗಳು. ಕೂತವನೇ ಲೈಟ್‌ರೂಮ್ ಅನ್ನುವ, ಫೋಟೋ ಜೋಡಿಸಿ ತಿದ್ದುವ ಸಾಫ್ಟ್‌ವೇರ್ ತೆರೆದು ಒಂದು ಫೋಟೋ ತೋರಿಸಿದ. ಕಾಳಿ ನದಿಯ ಹಳೇ ಸೇತುವೆ. ಬೆಳಗಿನ ಮಂಜು, ಸೇತುವೆ ಕೆಳಗೆ ಒಂದು ದೋಣಿ, ಹಿಂದೆ ಸದಾಶಿವಗಡದ ಗುಡ್ಡ. ಯಾರು ನೋಡಿದರೂ ಒಂದು ನಿಮಿಷ ನಿಲ್ಲುವಂಥ ಫೋಟೋ.

"ಸರ್, ಇದನ್ನ ದೊಡ್ಡದು ಮಾಡಿ ಪ್ರಿಂಟ್ ಹಾಕಿಸ್ಬೇಕು. ಎಕ್ಸ್‌ಪೋರ್ಟೇ ಆಗ್ತಾ ಇಲ್ಲ."

ಎಕ್ಸ್‌ಪೋರ್ಟ್ ಅಂದರೆ ತಿದ್ದಿದ ಫೋಟೋವನ್ನು ಬೇರೆ ಫೈಲಾಗಿ ಹೊರಗೆ ತೆಗೆಯುವುದು. ಹೇಗೆ ಆಗುತ್ತದೆ? ಫೋಟೋದ ಮೂಲೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕೂತಿತ್ತು. ಎಡಗಡೆಯ ಫೋಲ್ಡರ್ ಪಟ್ಟಿಯಲ್ಲಿ ಪ್ರಶ್ನೆ ಚಿಹ್ನೆ.

"ಈ ಫೋಲ್ಡರ್ ಎಲ್ಲಿ ತಮಾ?"

"ಲ್ಯಾಪ್‌ಟಾಪ್ ಫುಲ್ ಆಗಿತ್ತು ಸರ್. ಹೆಂಗೂ ಫೋಟೋ ಎಲ್ಲ ಲೈಟ್‌ರೂಮ್ ಒಳಗೆ ಬಂದಾಯ್ತಲ್ಲ ಅಂತ ಡಿಲೀಟ್ ಮಾಡ್ದೆ."

ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು. ಅದರ ಮೇಲಿದ್ದ ಲಾರಿಯೂ ನದಿಗೆ ಬಿತ್ತು, ಪುಣ್ಯಕ್ಕೆ ಚಾಲಕನನ್ನು ಜೀವಂತವಾಗಿ ಮೇಲೆ ತಂದರು. ನಾಲ್ಕು ದಶಕ ಕಾರವಾರವನ್ನೂ ಗೋವಾವನ್ನೂ ಜೋಡಿಸಿದ್ದ ಸೇತುವೆ ಅದು. ಇನ್ನೊಂದು ಬೆಳಿಗ್ಗೆ ಹೋಗಿ ತೆಗೆದರಾಯಿತು ಅನ್ನುವ ಹಾಗಿರಲಿಲ್ಲ.

ರಾ (ಕ್ಯಾಮೆರಾ ಹಿಡಿದ ಮೂಲ ಫೈಲು) ಯಾಕೆ, ಹಿಸ್ಟೋಗ್ರಾಂ ಹೇಗೆ ಓದಬೇಕು, ವೈಟ್ ಬ್ಯಾಲೆನ್ಸ್ ಯಾವಾಗ ಸರಿ ಮಾಡಬೇಕು, ಇದನ್ನೆಲ್ಲ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಹುಡುಗರು ಬೇಗ ಕಲಿಯುತ್ತಾರೆ. ಎರಡೇ ವಾರದಲ್ಲಿ ನನಗಿಂತ ಚುರುಕಾಗಿ ಮಾಸ್ಕ್ ಹಾಕುವವರಿದ್ದಾರೆ. ಆದರೆ ಒಂದು ಮಾತು ಮಾತ್ರ ಎಷ್ಟು ಸಲ ಹೇಳಿದರೂ ತಲೆಗೆ ಇಳಿಯುವುದಿಲ್ಲ. ಪ್ರತಿ ತಂಡದಲ್ಲೂ ಒಬ್ಬರಾದರೂ ಇದೇ ತಪ್ಪು ಮಾಡುತ್ತಾರೆ. ಪ್ರತಿ ಸಲವೂ ನನ್ನ ಹೊಟ್ಟೆ ಉರಿಯುತ್ತದೆ. ಆ ಒಂದೇ ಮಾತನ್ನು ಇವತ್ತು ನಿಧಾನವಾಗಿ, ಮತ್ತೆ ಮತ್ತೆ ಹೇಳುತ್ತೇನೆ.

ಲೈಟ್‌ರೂಮಿನ ಒಳಗೆ ನಿಮ್ಮ ಫೋಟೋ ಇಲ್ಲ.

'ಇಂಪೋರ್ಟ್' ಅನ್ನುವ ಪದವೇ ಮೋಸ ಮಾಡುತ್ತದೆ. ಇಂಪೋರ್ಟ್ ಅಂದರೆ ಒಳಗೆ ತಂದುಕೊಳ್ಳುವುದು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ನಿಜವಾಗಿ ಆಗುವುದು ಬೇರೆ. ಫೋಟೋ ನಿಮ್ಮ ಡಿಸ್ಕಿನ ಒಂದು ಫೋಲ್ಡರಿನಲ್ಲಿ ಕೂತಿರುತ್ತದೆ. ಲೈಟ್‌ರೂಮ್ ತನ್ನ ಕ್ಯಾಟಲಾಗಿನಲ್ಲಿ ಬರೆದುಕೊಳ್ಳುತ್ತದೆ: ಇಂಥ ಹೆಸರಿನ ಫೈಲು, ಇಂಥ ಡ್ರೈವ್, ಇಂಥ ಫೋಲ್ಡರ್, ನೀವು ಕೊಟ್ಟ ಅಂಕ ಇಷ್ಟು ಸ್ಟಾರ್. ನೀವು ಯಕ್ಷಗಾನದ ಕಿರೀಟದ ಹೊಳಪು ಜಾಸ್ತಿಯಾಯಿತು ಅಂತ ಹೈಲೈಟ್ಸ್ 40 ಇಳಿಸಿದರೆ, ರಾ ಫೈಲಿನ ಒಂದು ಚುಕ್ಕೆಯೂ ಅಲುಗಾಡುವುದಿಲ್ಲ. 'ಈ ಫೋಟೋಕ್ಕೆ ಹೈಲೈಟ್ಸ್ 40 ಕಡಿಮೆ' ಅಂತ ಒಂದು ಸಾಲು ಕ್ಯಾಟಲಾಗಿಗೆ ಸೇರುತ್ತದೆ, ಅಷ್ಟೇ. ಜೊತೆಗೆ ನಿಮಗೆ ಬೇಗ ತೋರಿಸಲಿಕ್ಕೆ ಪ್ರತಿ ಫೋಟೋದ ಒಂದು ಚಿಕ್ಕ ನಕಲನ್ನು ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳುತ್ತದೆ. ಅದು ಪ್ರಿವ್ಯೂ. ಫೋಲ್ಡರ್ ಅಳಿಸಿದ ಮೇಲೂ ಪರದೆಯ ಮೇಲೆ ಫೋಟೋ ಕಾಣುವುದು ಈ ಪ್ರಿವ್ಯೂನಿಂದ. ಹುಡುಗರು ನಂಬಿ ಮೋಸಹೋಗುವುದೂ ಇಲ್ಲೇ.

ನಾನು ಇಷ್ಟನ್ನು ಅವತ್ತು ಆ ಹುಡುಗನಿಗೆ ಹೇಳುತ್ತಿದ್ದೆ. ಅವನ ತಂದೆ ಸುಮ್ಮನೆ ಕೂತು ಕೇಳುತ್ತಿದ್ದರು. ಕಂಪ್ಯೂಟರ್ ಮುಟ್ಟಿದವರಲ್ಲ. ಒಮ್ಮೆಲೇ ಅಂದರು, "ಅಂದ್ರೆ ಪಹಣಿ ಕೈಯಲ್ಲಿದೆ, ಗದ್ದೆ ಹೊಳೆ ಪಾಲಾಯ್ತು ಅಂತಾಯ್ತಲ್ಲ?"

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನೋಡಿಲ್ಲ. ಕ್ಯಾಟಲಾಗ್ ಅಂದರೆ ಪಹಣಿ. ಗದ್ದೆ ಎಲ್ಲಿದೆ, ಎಷ್ಟು ಗುಂಟೆ, ಏನು ಬೆಳೆ ಅಂತ ಅದರಲ್ಲಿ ಬರೆದಿದೆ. ಪಹಣಿ ಹರಿದರೆ ಓಡಾಟ ಇದೆ, ತಲೆನೋವಿದೆ, ಆದರೆ ಗದ್ದೆ ಇದ್ದಲ್ಲೇ ಇರುತ್ತದೆ. ಗದ್ದೆಯೇ ಕೊಚ್ಚಿಹೋದರೆ ಪಹಣಿ ಇಟ್ಟುಕೊಂಡು ಭತ್ತ ಬಿತ್ತಲಾಗುವುದಿಲ್ಲ. ಅವತ್ತಿನಿಂದ ಎಲ್ಲ ತಂಡಕ್ಕೂ ಇದೇ ಮಾತಿನಲ್ಲಿ ಹೇಳುತ್ತೇನೆ.

ಇನ್ನೂ ನಂಬಿಕೆ ಬಾರದಿದ್ದರೆ ಒಂದು ಲೆಕ್ಕ ನೋಡಿ. ಶಿರಸಿ ಮಾರಿಕಾಂಬಾ ಜಾತ್ರೆಯಲ್ಲಿ 3,000 ರಾ ಫೋಟೋ ತೆಗೆದಿರಿ ಅಂತಿಟ್ಟುಕೊಳ್ಳಿ. ಒಂದೊಂದು 25 ಎಂಬಿ ಅಂದರೂ ಒಟ್ಟು 75 ಜಿಬಿ. ಈಗ ನಿಮ್ಮ ಕ್ಯಾಟಲಾಗ್ ಫೈಲಿನ ಗಾತ್ರ ನೋಡಿ. ಎಲ್‌ಆರ್‌ಕ್ಯಾಟ್ ಅಂತ ಕೊನೆಯಾಗುವ ಫೈಲು ಅದು. ಸಾಮಾನ್ಯವಾಗಿ ಜಿಬಿಗಳಲ್ಲಿ ಇರುವುದಿಲ್ಲ, ಎಂಬಿಗಳಲ್ಲಿ ಇರುತ್ತದೆ. 75 ಜಿಬಿ ಅದರೊಳಗೆ ಎಲ್ಲಿ ಹಿಡಿಯಬೇಕು? ತರಗತಿಯಲ್ಲಿ ನಾನು ಮಾಡಿಸುವುದು ಇನ್ನೂ ಸುಲಭದ್ದು. ಬೇಡದ ನಾಲ್ಕು ಫೋಟೋ ಇಂಪೋರ್ಟ್ ಮಾಡಿಸುತ್ತೇನೆ. ಲೈಟ್‌ರೂಮ್ ಮುಚ್ಚಿ, ಆ ಫೋಲ್ಡರಿನ ಹೆಸರಿನಲ್ಲಿ ಒಂದಕ್ಷರ ಬದಲಿಸಿ, ಮತ್ತೆ ತೆರೆಯಲು ಹೇಳುತ್ತೇನೆ. ಪ್ರಶ್ನೆ ಚಿಹ್ನೆ ಬರುತ್ತದೆ. ಒಬ್ಬಳು ಹುಡುಗಿ ಆಗ "ಅಯ್ಯೋ, ಅದಕ್ಕೆ ನಮ್ಮನೆ ದಾರಿನೇ ಗೊತ್ತಿಲ್ಲ" ಅಂದಿದ್ದಳು. ಅಷ್ಟೇ ವಿಷಯ. ಅದಕ್ಕೆ ಗೊತ್ತಿರುವುದು ಹಳೆಯ ವಿಳಾಸ.

ಕೋಡಿಬಾಗದ ಹುಡುಗನ ಫೋಟೋ ಏನಾಯಿತು ಅಂತ ಕೇಳುತ್ತೀರಿ. ಕ್ಯಾಮೆರಾದ ಕಾರ್ಡನ್ನು ಅವನು ಎಷ್ಟೋ ಸಲ ಫಾರ್ಮ್ಯಾಟ್ ಮಾಡಿ ಬಳಸಿದ್ದ. ರೀಸೈಕಲ್ ಬಿನ್ನೂ ಖಾಲಿ. ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಡಿಸ್ಕ್. ಹಳೇ ಮಾದರಿಯ ತಿರುಗುವ ಡಿಸ್ಕಿನಲ್ಲಾದರೆ ಅಳಿಸಿದ ಫೈಲು ಕೆಲವೊಮ್ಮೆ ಸಿಗುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ತಾನೇ ಗುಡಿಸಿ ಇಡುತ್ತದೆ, ಹಾಗಾಗಿ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಆದರೂ ರಿಕವರಿ ಸಾಫ್ಟ್‌ವೇರ್ ಹಾಕಿ ನೋಡಿದೆವು. ಸಿಗಲಿಲ್ಲ.

ಉಳಿದದ್ದು ಪ್ರಿವ್ಯೂ. ಇಂಪೋರ್ಟ್ ಮಾಡುವಾಗ ಅವನು 'ಸ್ಮಾರ್ಟ್ ಪ್ರಿವ್ಯೂ' ಅನ್ನುವುದಕ್ಕೆ ಟಿಕ್ ಹಾಕಿದ್ದರೆ ಉದ್ದದ ಕಡೆ 2,560 ಪಿಕ್ಸೆಲ್‌ನ ನಕಲಾದರೂ ಇರುತ್ತಿತ್ತು, ಅದನ್ನು ಎಡಿಟ್ ಕೂಡ ಮಾಡಬಹುದಿತ್ತು. ಹಾಕಿರಲಿಲ್ಲ. ಪೂರ್ಣ ಗಾತ್ರದ ಪ್ರಿವ್ಯೂಗಳನ್ನು ಲೈಟ್‌ರೂಮ್ 30 ದಿನಕ್ಕೆ ತಾನೇ ತೆಗೆದುಹಾಕುತ್ತದೆ, ನೀವು ಸೆಟ್ಟಿಂಗ್ ಬದಲಿಸದಿದ್ದರೆ. ಕೊನೆಗೆ ಸಿಕ್ಕಿದ್ದು ಅವನ ಲ್ಯಾಪ್‌ಟಾಪಿನ ಪರದೆಯಷ್ಟು ಅಗಲದ್ದು, 1,920 ಪಿಕ್ಸೆಲ್. ಇಂಚಿಗೆ 300 ಚುಕ್ಕೆ ಲೆಕ್ಕ ಹಾಕಿದರೆ ಆರೂವರೆ ಇಂಚೂ ಬರುವುದಿಲ್ಲ. ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಮನೆಯ ಜಗುಲಿಗೆ ಹಾಕುವ ಮೂರಡಿ ಫ್ರೇಮು. ಪೋಸ್ಟ್‌ಕಾರ್ಡ್ ಗಾತ್ರದಲ್ಲಿ ಹಾಕಿಸಿ ಕೊಟ್ಟೆ. ಅದನ್ನು ಅವನ ತಂದೆ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ಹೋದರು.

ಇದೇ ತಪ್ಪಿನ ಇನ್ನೊಂದು ರೂಪ ಇದೆ. ಅದರಲ್ಲಿ ಫೋಟೋ ಹೋಗುವುದಿಲ್ಲ, ಕೆಲಸ ಹೋಗುತ್ತದೆ. 2024ರ ಮಾರ್ಚ್ ಜಾತ್ರೆ ಮುಗಿದ ಮೇಲೆ ಸೋಂದಾ ಕಡೆಯ ಒಬ್ಬ ವಿದ್ಯಾರ್ಥಿನಿ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿದಳು. ಅಳುವೇ ಬಂದಿತ್ತು. ಮೂರು ಸಾವಿರ ಫೋಟೋದಲ್ಲಿ ನೂರಾ ಎಂಬತ್ತು ಆರಿಸಿ, ಸ್ಟಾರ್ ಹಾಕಿ, ಅರ್ಧ ಎಡಿಟ್ ಮಾಡಿದ್ದಳು. ಆಮೇಲೆ ಹೊಸ ಹಾರ್ಡ್ ಡಿಸ್ಕ್ ತಂದು, ವಿಂಡೋಸಿನಲ್ಲೇ ಫೋಲ್ಡರ್ ಎಳೆದು ಅಲ್ಲಿಗೆ ಹಾಕಿದಳು. ಲೈಟ್‌ರೂಮಿನಲ್ಲಿ ಎಲ್ಲ ಪ್ರಶ್ನೆ ಚಿಹ್ನೆ. ಹೆದರಿ, ಹಳೆಯದನ್ನು ಪಟ್ಟಿಯಿಂದ ತೆಗೆದು, ಹೊಸ ಜಾಗದಿಂದ ಮತ್ತೆ ಇಂಪೋರ್ಟ್ ಮಾಡಿದಳು. ಫೋಟೋ ಬಂದವು. ಸ್ಟಾರೂ ಇಲ್ಲ, ಎಡಿಟ್ಟೂ ಇಲ್ಲ. ಹೊಸದಾಗಿ ಪಹಣಿ ಮಾಡಿಸಿದಂತೆ, ಹಳೇ ದಾಖಲೆ ಒಂದೂ ಅದರಲ್ಲಿ ಇರಲಿಲ್ಲ.

"ತಂಗಿ, ಕ್ಯಾಟಲಾಗಿನ ಹಳೇ ಬ್ಯಾಕಪ್ ಇದೆಯಾ ನೋಡು" ಅಂದೆ. ಹಿಂದಿನ ವಾರದ್ದು ಇತ್ತು. ಅದನ್ನು ತೆರೆದು, ಪ್ರಶ್ನೆ ಚಿಹ್ನೆಯ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, 'ಫೈಂಡ್ ಮಿಸ್ಸಿಂಗ್ ಫೋಲ್ಡರ್' ಒತ್ತಿ ಹೊಸ ಜಾಗ ತೋರಿಸಿದಳು. ಒಂದು ವಾರದ ಕೆಲಸ ಬಿಟ್ಟು ಉಳಿದದ್ದೆಲ್ಲ ಬಂತು. ಹಾಗಾಗಿ ಪ್ರಶ್ನೆ ಚಿಹ್ನೆ ಕಂಡರೆ ಮೊದಲು ಕೈ ಕಟ್ಟಿ ಕೂತುಕೊಳ್ಳಿ. ಏನನ್ನೂ ತೆಗೆಯಬೇಡಿ, ಮತ್ತೆ ಇಂಪೋರ್ಟ್ ಮಾಡಬೇಡಿ. ಎಷ್ಟೋ ಸಲ ಏನೂ ಆಗಿರುವುದಿಲ್ಲ. ನಿನ್ನೆ ಇ ಡ್ರೈವ್ ಅಂತಿದ್ದ ಹೊರಗಿನ ಡಿಸ್ಕಿಗೆ ವಿಂಡೋಸ್ ಇವತ್ತು ಎಫ್ ಅಂತ ಹೆಸರು ಕೊಟ್ಟಿರುತ್ತದೆ, ಅಷ್ಟೇ. ಫೋಲ್ಡರ್ ಜಾಗ ಬದಲಿಸುವುದಿದ್ದರೆ ಲೈಟ್‌ರೂಮಿನ ಒಳಗಿನ ಫೋಲ್ಡರ್ ಪಟ್ಟಿಯಲ್ಲೇ ಎಳೆದು ಹಾಕಿ. ಆಗ ಗದ್ದೆಯೂ ಪಹಣಿಯೂ ಒಟ್ಟಿಗೆ ಬದಲಾಗುತ್ತವೆ.

ಡಿಲೀಟ್ ಒತ್ತಿದಾಗ ಬರುವ ಪ್ರಶ್ನೆಯನ್ನು ದಯವಿಟ್ಟು ಓದಿ. 'ರಿಮೂವ್' ಅಂದರೆ ಪಹಣಿಯಿಂದ ಹೆಸರು ತೆಗೆಯುವುದು, ಫೋಟೋ ಡಿಸ್ಕಿನಲ್ಲೇ ಇರುತ್ತದೆ. 'ಡಿಲೀಟ್ ಫ್ರಂ ಡಿಸ್ಕ್' ಅಂದರೆ ಗದ್ದೆಯನ್ನೇ ಅಗೆದು ಹಾಕುವುದು. ಎರಡೂ ಬಟನ್ ಒಂದೇ ಪೆಟ್ಟಿಗೆಯಲ್ಲಿವೆ, ಹುಡುಗರ ಕೈ ಅವಸರದ್ದು.

ಆ ಬ್ಯಾಕಪ್ ಬಗ್ಗೆಯೂ ಒಂದು ಮಾತು. ಲೈಟ್‌ರೂಮ್ ಮುಚ್ಚುವಾಗ ಬ್ಯಾಕಪ್ ಮಾಡಲೇ ಅಂತ ಕೇಳುತ್ತದೆ. ಹೂಂ ಅಂದವರು ನಿಶ್ಚಿಂತೆಯಿಂದ ಮಲಗುತ್ತಾರೆ. ಆದರೆ ಅದು ಬ್ಯಾಕಪ್ ಮಾಡುವುದು ಕ್ಯಾಟಲಾಗನ್ನು ಮಾತ್ರ. ಫೋಟೋಗಳನ್ನು ಅಲ್ಲ ಅಂತ ಆ ಪೆಟ್ಟಿಗೆಯಲ್ಲೇ ಬರೆದಿದೆ. ಪಹಣಿಯ ಹತ್ತು ಜೆರಾಕ್ಸ್ ಮಾಡಿಟ್ಟರೂ ಗದ್ದೆ ಒಂದೇ ತಾನೇ? ಫೋಟೋ ಫೋಲ್ಡರುಗಳ ನಕಲನ್ನು ನೀವೇ ಮಾಡಬೇಕು. ಅಮೆರಿಕದ ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿಕೊಟ್ಟ 3-2-1 ಲೆಕ್ಕ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಲ್ಲೋ ಬೇರೆ ಮನೆಯಲ್ಲೋ. ಬಾಯಿಪಾಠ ಮಾಡಿದವರಲ್ಲಿ ಪಾಲಿಸುವವರು ಕಡಿಮೆ.

ಕ್ಲೌಡಿಗೆ ಹಾಕಿದರಾಯಿತಲ್ಲ ಅನ್ನುವವರಿಗೆ ನಮ್ಮ ಜಿಲ್ಲೆಯ ನೆಟ್ಟಿನ ಪರಿಚಯ ಸಾಲದು. ಅಪ್‌ಲೋಡ್ 5 ಎಂಬಿಪಿಎಸ್ ಸಿಕ್ಕಿತು ಅಂದರೆ, 64 ಜಿಬಿಯ ಒಂದು ಕಾರ್ಡು ಹೋಗಲಿಕ್ಕೆ ಸುಮಾರು 28 ಗಂಟೆ ಬೇಕು. ಅದೂ ಕರೆಂಟು ಹೋಗದೆ ಇದ್ದರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಕರೆಂಟಿನ ಭರವಸೆ ಯಾರೂ ಕೊಡಲಾರರು. ಹಾಗಾಗಿ ನಾನು ಸಾಮಾನ್ಯವಾಗಿ ಹೇಳುವುದು: ಎರಡು ಹೊರಗಿನ ಡಿಸ್ಕ್ ಇಟ್ಟುಕೊಳ್ಳಿ, ಒಂದನ್ನು ಅಜ್ಜಿ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಡಿ. ಆರಿಸಿದ ನೂರಿನ್ನೂರು ಫೋಟೋ ಮಾತ್ರ ಕ್ಲೌಡಿಗೆ ಹಾಕಿ. ನಿಮ್ಮ ಕೆಲಸ, ನಿಮ್ಮ ಖರ್ಚು ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಕಾಪಿ ಆಗುವಾಗ ಕರೆಂಟು ಹೋಗಿದ್ದರೆ ಎರಡೂ ಕಡೆಯ ಫೈಲಿನ ಎಣಿಕೆ, ಗಾತ್ರ ತಾಳೆ ನೋಡಿ. ಆಮೇಲೆಯೇ ಕಾರ್ಡ್ ಫಾರ್ಮ್ಯಾಟ್, ಅದೂ ಕ್ಯಾಮೆರಾದಲ್ಲಿ.

ಇಷ್ಟು ಹೊತ್ತು ನಾನು ಹೇಳಿದ್ದು ಲೈಟ್‌ರೂಮ್ ಕ್ಲಾಸಿಕ್ ಬಗ್ಗೆ. 2017ರಲ್ಲಿ ಅಡೋಬಿ ಹಳೆಯದಕ್ಕೆ ಕ್ಲಾಸಿಕ್ ಅಂತ ಹೆಸರಿಟ್ಟು, ಬರೀ ಲೈಟ್‌ರೂಮ್ ಅನ್ನುವ ಹೆಸರನ್ನು ಬೇರೆಯದೇ ಒಂದಕ್ಕೆ ಕೊಟ್ಟಿತು. ಗೊಂದಲದ ಅರ್ಧ ಪಾಲು ಅಲ್ಲಿಂದ ಬಂದದ್ದು ಅಂತ ನನಗೆ ಅನಿಸುತ್ತದೆ. ಆ ಹೊಸದರಲ್ಲಿ, ಮೊಬೈಲಿನಲ್ಲಿ ಬಳಸುತ್ತೀರಲ್ಲ ಅದರಲ್ಲಿ, ಸೇರಿಸಿದ ಫೋಟೋದ ಮೂಲ ಪ್ರತಿಯೇ ಅಡೋಬಿಯ ಕ್ಲೌಡಿಗೆ ಹೋಗುತ್ತದೆ. ಅಲ್ಲಿ ಅಪಾಯ ಬೇರೆ ಥರದ್ದು: ಮೊಬೈಲಿನಲ್ಲಿ ಅಳಿಸಿದರೆ ಎಲ್ಲ ಕಡೆಯಿಂದಲೂ ಹೋಗುತ್ತದೆ. ನೀವು ಯಾವುದನ್ನು ಬಳಸುತ್ತಿದ್ದೀರಿ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆವೃತ್ತಿ ಬದಲಾದಂತೆ ಬಟನ್ನಿನ ಜಾಗ, ಹೆಸರು ಬದಲಾಗಬಹುದು, ಅದನ್ನೂ ನೋಡಿಕೊಳ್ಳಿ.

ಈಗ ನನ್ನ ತರಗತಿಯಲ್ಲಿ ಒಂದು ಪದ್ಧತಿ ಇದೆ. ಯಾರಾದರೂ ಫೋಟೋ ತೋರಿಸಿದರೆ ಬೆಳಕು, ಚೌಕಟ್ಟು ಮಾತಾಡುವ ಮೊದಲು "ಇದು ಎಲ್ಲಿದೆ?" ಅಂತ ಕೇಳುತ್ತೇನೆ. 'ಲೈಟ್‌ರೂಮಿನಲ್ಲಿ' ಅಂದರೆ ಫೋಟೋ ನೋಡುವುದಿಲ್ಲ. ಕೆಲವರಿಗೆ ಇದು ಅತಿ ಅನಿಸುತ್ತದೆ. ಅನಿಸಲಿ.

ಹೋದ ತಿಂಗಳು ಕೋಡಿಬಾಗದ ಹುಡುಗ ಬೈತಖೋಲ ಬಂದರಿನ ಫೋಟೋ ತಂದಿದ್ದ. ಬೆಳಗಿನ ಜಾವ ಬೋಟುಗಳು ಬಂದು ಬುಟ್ಟಿ ಇಳಿಸುವ ಹೊತ್ತಿನದು. ಒಬ್ಬ ಹೆಂಗಸಿನ ಕೈಯಲ್ಲಿ ಬಂಗುಡೆ, ಅದರ ಮೇಲೆ ಟಾರ್ಚಿನ ಬೆಳಕು. ನಾನು ಬಾಯಿ ತೆರೆಯುವ ಮೊದಲೇ ಅವನು ಹೇಳಿದ: "ಇ ಡ್ರೈವ್ ಸರ್, ಫೋಟೋ, ಈ ವರ್ಷದ ಫೋಲ್ಡರ್, ಬೈತಖೋಲ. ಇನ್ನೊಂದು ಪ್ರತಿ ಅಂಕೋಲೆಯಲ್ಲಿ ಅಕ್ಕನ ಮನೆ ಕಪಾಟಿನಲ್ಲಿ."

ಆಮೇಲೆ ಆ ಬೆಳಕಿನ ಬಗ್ಗೆ ನಾವು ಒಂದು ತಾಸು ಮಾತಾಡಿದೆವು.